ಗೋಡೆಗೆ ಮುಖ ಮಾಡಿದ ಚಿತ್ರಗಳು

ಸೂರ್ಯ ಇನ್ನೂ ಗೋಧಿ ಹೊಲದ ಅಂಚಿಗೆ ಬಂದಿಲ್ಲ. ಗೋರ್ಟ್ಸನ್ ಮನೆಯ ಅಡುಗೆಕೋಣೆಯಲ್ಲಿ ಕೆಟಲ್ ಕುದಿಯುತ್ತಿದೆ. ಅದರ ಮೂತಿಗೆ ಸಿಕ್ಕಿಸಿದ ರಬ್ಬರ್ ಕೊಳವೆ ಹಿಡಿದು, ನೆಲದ ಮೇಲೆ ಮಂಡಿಯೂರಿ, ಅಡೀನಾ ಪೆನ್ನರ್ ಗೋಡೆಯ ಕೆಳಮೂಲೆಗೆ ಹಬೆ ಕೊಡುತ್ತಿದ್ದಾರೆ. ಒಂದರ ಮೇಲೊಂದು ಅಂಟಿಸಿದ ವಾಲ್‌ಪೇಪರ್. ನೀಲಿ ಹೂವಿನದು ಬಿಟ್ಟುಕೊಂಡಿದೆ, ಅದರಡಿಯ ಹಸಿರು ಪಟ್ಟೆಯದೂ ಬಿಟ್ಟುಕೊಂಡಿದೆ. ಉಳಿದಿರುವುದು ಕಂದು ಎಲೆಗಳ ಕಟ್ಟಕಡೆಯ ಪದರ. ಅಡೀನಾ ಬೆಣ್ಣೆ ಸವರುವ ಚಾಕುವನ್ನು ಅದರ ಕೆಳಗೆ ತೂರಿಸಿ ಮೆಲ್ಲಗೆ ಎತ್ತುತ್ತಾರೆ.

ಈ ಊರಿನ ಗೋಡೆಗಳಲ್ಲಿ ಆ ಪದರದ ಕೆಳಗೆ ಸಿಗುವುದು ಏನೂ ಬರೆಯದ, ಏನೂ ಅಚ್ಚಾಗದ ಮಣ್ಣು ಬಣ್ಣದ ಕಾಗದದ ಬೆನ್ನು. ಇಂದು ಅಲ್ಲಿ ಕೆಂಪು ಕಾಣಿಸುತ್ತದೆ. ಇನ್ನೊಂದು ಬೆರಳಿನಷ್ಟು ಎತ್ತಿದರೆ, ಆ ಕೆಂಪಿನ ಮೇಲೆ ಒತ್ತಿದ ನೀಲಿ ಶಾಯಿಯ ದುಂಡು ಮುದ್ರೆಯ ಅರ್ಧ. ಅಡೀನಾ ಚಾಕು ಹಿಂದೆಳೆಯುತ್ತಾರೆ. ಎತ್ತಿದ್ದನ್ನು ಹಾಗೆಯೇ ಇಳಿಸಿ, ಒದ್ದೆ ಅಂಗೈಯಿಂದ ಗೋಡೆಗೆ ಒತ್ತಿ ಹಿಡಿಯುತ್ತಾರೆ.

ಹಿಂದೆ ಕುರ್ಚಿಯಲ್ಲಿ ಕಾಫಿ ಹಿಡಿದು ಕುಳಿತಿರುವವರು ಮನೆಯ ಯಜಮಾನ, ಊರಿನ ಚರ್ಚ್ ಸಭೆಯ ಹಿರಿಯ ವಿಲರ್ಡ್ ಗೋರ್ಟ್ಸನ್. ಏನಾಯಿತೆಂದು ಅವರು ಕೇಳುತ್ತಾರೆ.

"ಗೋಡೆ ತೇವ ಇದೆ ವಿಲರ್ಡ್. ಇವತ್ತು ಬೇಡ. ಒಣಗ್ಲಿ, ನಾಳೆ ಬರ್ತೀನಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅಡೀನಾಗೆ ತಾವು ಸುಳ್ಳು ಹೇಳಿದ್ದು ಗೊತ್ತಾಗುತ್ತದೆ. ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ ಎಂದು ಬೆಳೆಸಿದ ಸಭೆ ಅವರದು. ಕೋರ್ಟಿನಲ್ಲೂ ಪ್ರಮಾಣ ಮಾಡದ ಜನ. ಅಡೀನಾ ಕೆಟಲಿನ ನೀರು ಚೆಲ್ಲಿ, ಚಾಕು, ಸ್ಪಂಜುಗಳನ್ನು ಪೆಟ್ಟಿಗೆಗೆ ತುಂಬಿ ಹೊರಡುತ್ತಾರೆ. ಹಿಂದಿರುಗಿ ನೋಡದೆ ವ್ಯಾನು ಹತ್ತುತ್ತಾರೆ.

ಅಮೆರಿಕದ ಕಾನ್ಸಾಸ್‌ನ ಬ್ಲೂಮೆನ್‌ಫೆಲ್ಡ್‌ನಲ್ಲಿ ಗೋಡೆಯ ಕೆಲಸವೆಂದರೆ ಅಡೀನಾ. ಮೆನ್ನೊನೈಟ್ ಪಂಥದ ಕ್ರೈಸ್ತರ ಈ ಊರಲ್ಲಿ ಮದುವೆ ಗೊತ್ತಾದರೆ, ಮಗು ಹುಟ್ಟಿದರೆ, ಮನೆ ಮಾರಿದರೆ, ಹಳೆಯ ವಾಲ್‌ಪೇಪರ್ ಕಿತ್ತು ಹೊಸತು ಹಾಕಲು ಅವರನ್ನೇ ಕರೆಯುತ್ತಾರೆ. ಐವತ್ತೈದರ ಈ ಹೆಂಗಸಿನ ಬೆರಳ ತುದಿಗಳು ಬಿಸಿನೀರಲ್ಲಿ ನೆನೆದೂ ನೆನೆದೂ ನುಣುಪಾಗಿವೆ. ಬ್ಯಾಂಕಿನಲ್ಲಿ ಒಮ್ಮೆ ಬೆರಳಚ್ಚು ಕೇಳಿದಾಗ ಸರಿಯಾಗಿ ಮೂಡಲಿಲ್ಲವಂತೆ. "ಕಳ್ಳತನಕ್ಕೆ ಹೇಳಿ ಮಾಡಿಸಿದ ಕೈ ಅಂತ ನಮ್ಮೋರು ತಮಾಷೆ ಮಾಡ್ತಾರೆ" ಎಂದು ಅವರೇ ನಗುತ್ತಾರೆ. ಆದರೆ ಅವರ ಇನ್ನೊಂದು ಕೆಲಸದ ಸುದ್ದಿಯನ್ನು ಊರು ಗಟ್ಟಿಯಾಗಿ ಮಾತಾಡುವುದಿಲ್ಲ. ವಾಲ್‌ಪೇಪರಿನ ಅಡಿಯಿಂದ ಅವರು ಮೊದಲ ಮಹಾಯುದ್ಧದ ಕಾಲದ ಪೋಸ್ಟರುಗಳನ್ನು ಬಿಡಿಸಿ ತೆಗೆಯುತ್ತಾರೆ. ಯುದ್ಧಕ್ಕೆ ಹಣ ಕೊಡಿ, ಸಾಲಪತ್ರ ಕೊಳ್ಳಿ ಎಂದು ಸರಕಾರ ಅಚ್ಚು ಹಾಕಿಸಿ ಹಂಚಿದ, ಎಂಬತ್ತು ವರ್ಷ ಹಳೆಯ ಚಿತ್ರಗಳು.

ಮೊದಲನೆಯದು ಸಿಕ್ಕಿದ್ದು ಅಕಸ್ಮಾತ್ತಾಗಿ. ಎಲ್ಮಾ ಶ್ರಾಗ್ ಎಂಬವರ ಮನೆಯ ಮುಂಗೋಣೆಯಲ್ಲಿ ವಾಲ್‌ಪೇಪರಿನ ಅಡಿ ಮಣ್ಣು ಬಣ್ಣದ ದಪ್ಪ ಕಾಗದ ಕಂಡಿತು. ಅದೂ ಹಳೆಯ ಹಾಳೆಯೇ ಇರಬೇಕೆಂದು ಅಡೀನಾ ಹಬೆ ಕೊಟ್ಟು ಎಳೆದರು. ಕಾಗದ ಕೈಗೆ ಬಂತು, ಚಿತ್ರ ಗೋಡೆಯಲ್ಲೇ ಉಳಿಯಿತು. ಗಾರೆಯ ಮೇಲೆ ಅರ್ಧ ಹೆಲ್ಮೆಟ್, ಒಂದು ಕಣ್ಣು, ಹಲ್ಲು ಕಚ್ಚಿದ ಬಾಯಿ. ಅಡೀನಾ ಚಾಕು ಕೈಬಿಟ್ಟರು. ಸದ್ದು ಕೇಳಿ ಬಂದ ಎಲ್ಮಾ ಏನೆಂದು ಕೇಳಲಿಲ್ಲ. ನೇರ ಕಿಟಕಿಗೆ ಹೋಗಿ ಪರದೆ ಎಳೆದರು.

"ಅವರಿಗೆ ಗೊತ್ತಿತ್ತು" ಎನ್ನುತ್ತಾರೆ ಅಡೀನಾ. "ಗೋಡೇಲಿ ಅದಿದೆ ಅಂತ ಅವರಮ್ಮ ಹೇಳಿ ಸತ್ತಿದ್ರು. ಯುದ್ಧ ಮುಗಿದು ಎಷ್ಟು ಕಾಲ ಆಗಿತ್ತು ನೋಡಿ. ಆದ್ರೂ ಮೊದ್ಲು ಪರದೆ ಎಳೆದ್ರು."

ಆ ಯುದ್ಧದ ಕಾಲದಲ್ಲಿ ಬ್ಲೂಮೆನ್‌ಫೆಲ್ಡ್ ಎರಡು ಕಡೆಯಿಂದ ಸಿಕ್ಕಿಬಿದ್ದಿತ್ತು. ಮನೆಮಾತು ಜರ್ಮನ್, ಅಂದರೆ ಶತ್ರುವಿನ ಮಾತು. ಧರ್ಮದ ಪ್ರಕಾರ ಕೋವಿ ಹಿಡಿಯುವಂತಿಲ್ಲ, ಯುದ್ಧಕ್ಕೆ ಬಿಡಿಗಾಸು ಕೊಡುವಂತಿಲ್ಲ. ಪೇಟೆಯಿಂದ ಸಾಲಪತ್ರ ಮಾರುವ ಕಮಿಟಿಯ ಜನ ಕಾರುಗಳಲ್ಲಿ ಬಂದು ಮನೆಮನೆಗೂ ಒಂದೊಂದು ಪೋಸ್ಟರ್ ಕೊಟ್ಟರು. ಗೋಡೆಗೆ ಅಂಟಿಸಿ ಎಂದರು. ಹರಿದರೆ, ಸುಟ್ಟರೆ ದೇಶದ್ರೋಹ, ಜೈಲು ಎಂದರು. ಸಾಲಪತ್ರ ಕೊಂಡ ಮನೆಯ ಪೋಸ್ಟರಿನ ಮೂಲೆಗೆ ನೀಲಿ ಮುದ್ರೆ ಒತ್ತಿ ಹೋಗುತ್ತಿದ್ದರು. ಆ ಮುದ್ರೆಯಿದ್ದ ಮನೆಗೆ ಮತ್ತೆ ಕಾರು ಬರುತ್ತಿರಲಿಲ್ಲ. ಕೊಳ್ಳದವರ ಬಾಗಿಲಿಗೆ ರಾತ್ರೋರಾತ್ರಿ ಹಳದಿ ಬಣ್ಣ ಬೀಳುತ್ತಿತ್ತು, ಹೇಡಿಗಳೆಂಬ ಗುರುತಿಗೆ.

ಹರಿಯುವಂತಿಲ್ಲ, ಸುಡುವಂತಿಲ್ಲ, ಊಟ ಮಾಡುತ್ತ ಅದನ್ನು ನೋಡುವಂತೆಯೂ ಇಲ್ಲ. ಅತ್ತ ದರಿ, ಇತ್ತ ಪುಲಿ. ಊರಿನ ಹೆಂಗಸರು ಒಂದು ದಾರಿ ಹುಡುಕಿದರು. ರೈ ಎಂಬ ಧಾನ್ಯದ ಹಿಟ್ಟಿನ ಅಂಟು ಕಾಯಿಸಿ, ಚಿತ್ರದ ಮುಖಕ್ಕೇ ಸವರಿ, ಅದನ್ನು ಗೋಡೆಯ ಕಡೆ ತಿರುಗಿಸಿ ಅಂಟಿಸಿದರು. ಮೇಲೆ ವಾಲ್‌ಪೇಪರ್ ಹಾಕಿದರು. ಆ ಕಾಲದ ಮಾತೊಂದು ಅಡೀನಾ ಚಿಕ್ಕವರಿದ್ದಾಗ ಅಜ್ಜಿಯರ ಬಾಯಲ್ಲಿ ಓಡಾಡುತ್ತಿತ್ತು, ನಗುವೂ ಅದರ ಜೊತೆಗಿರುತ್ತಿತ್ತು: "ಅಂಟಿಸಿ ಅಂದ್ರು, ಅಂಟಿಸಿದ್ವಿ. ಯಾವ ಮಗ್ಗುಲು ಅಂತ ಅವರು ಹೇಳ್ಲಿಲ್ಲ, ನಾವು ಕೇಳ್ಲಿಲ್ಲ."

ಎಲ್ಮಾ ಮನೆಯಲ್ಲಿ ಚಿತ್ರ ಹಾಳಾದ ಮೇಲೆ ಅಡೀನಾ ಪಾಠ ಕಲಿತರು. ಮುಖ ಒಳಗಿರುವ ಚಿತ್ರವನ್ನು ಎಳೆಯಬಾರದು, ಅದರಿಂದ ಗೋಡೆಯನ್ನು ಬಿಡಿಸಬೇಕು. ಈಗ ಅವರು ಕಾಗದದ ಬೆನ್ನಿಗೆ ತೆಳುವಾದ ಮಲ್ ಬಟ್ಟೆ ಅಂಟಿಸಿ, ಅದು ಒಣಗಿದ ಮೇಲೆ, ಸವೆದ ಚಾಕುವಿನಿಂದ ಗಾರೆಯ ತೆಳು ಪೊರೆಯನ್ನೇ ಚಿತ್ರದ ಸಮೇತ ಎಬ್ಬಿಸುತ್ತಾರೆ. ಮನೆಗೆ ತಂದು ಗಾರೆಯ ಮಗ್ಗುಲನ್ನು ಮೇಲೆ ಮಾಡಿ ಮಲಗಿಸಿ, ಒದ್ದೆ ಸ್ಪಂಜಿನಿಂದ ಗಾರೆಯನ್ನು ಕಣಕಣವಾಗಿ ತೊಳೆಯುತ್ತಾರೆ. ದಿನವಿಡೀ ಕುಳಿತರೂ ಅಂಗೈಯಗಲ ತೊಳೆದರೆ ಹೆಚ್ಚು. ಕೆಳಗಿನಿಂದ ಯಾವ ಮುಖ ಮೇಲೆದ್ದು ಬರುತ್ತದೋ ಎಂಬ ಅಂಜಿಕೆ ಪ್ರತಿ ಸಲವೂ ಇರುತ್ತದೆ. ಈ ಕೆಲಸ ಮಾಡುವಾಗ ಅವರು ರೇಡಿಯೊ ಹಾಕಿಕೊಳ್ಳುತ್ತಾರೆ, ಮನೆಯಲ್ಲಿ ಇನ್ನೊಂದು ಮನುಷ್ಯ ದನಿ ಇರಲಿ ಎಂದು.

ವಿಚಿಟಾ ಪೇಟೆಯಲ್ಲಿ ಹಳೆಯ ಪೋಸ್ಟರುಗಳ ಅಂಗಡಿ ಇಟ್ಟಿರುವ ಡೆಸ್ಮಂಡ್ ಟಲಿ ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ. ಶಿಕಾಗೋ, ನ್ಯೂಯಾರ್ಕ್‌ಗಳಲ್ಲಿ ಇವಕ್ಕೆ ಹುಚ್ಚು ಹಿಡಿದ ಸಂಗ್ರಾಹಕರಿದ್ದಾರೆ. ಬೇರೆ ಕಡೆಯ ಪೋಸ್ಟರುಗಳು ಅಂಗಡಿ ಕಿಟಕಿಯಲ್ಲಿ, ರೈಲು ನಿಲ್ದಾಣದಲ್ಲಿ ಬಿಸಿಲು ಕುಡಿದು ಬಿಳಿಚಿಕೊಂಡವು. ಬ್ಲೂಮೆನ್‌ಫೆಲ್ಡ್‌ನವು ಒಂದು ದಿನವೂ ಬೆಳಕು ಕಂಡಿಲ್ಲ. ಕೆಂಪು ಇನ್ನೂ ಹಸಿಹಸಿ ಕೆಂಪಾಗಿದೆ. ಹೆದರಿಕೆಯೇ ಬಣ್ಣವನ್ನು ಕಾಪಾಡಿತು. ಮನೆಯವರು ಒಪ್ಪಿದರೆ ಡೆಸ್ಮಂಡ್ ಕೊಂಡೊಯ್ಯುತ್ತಾರೆ, ಒಪ್ಪದಿದ್ದರೆ ಚಿತ್ರ ಮನೆಯವರ ಪೆಟ್ಟಿಗೆ ಸೇರುತ್ತದೆ. ಯಾರಿಗೂ ಬೇಡವಾದ ಹರಿದವು, ಅರೆಮುಖದವು ಅಡೀನಾರ ಹಿಂಗೋಣೆಯಲ್ಲಿ ಹಲಗೆಗಳ ನಡುವೆ ಮಲಗಿವೆ. ಅವರ ಸಂಗ್ರಹ ಎಂದರೆ ಅದೇ. ನಕಲು ಬಹಳ ಬರುತ್ತಿದೆ, ಇದು ಅಸಲಿ ಎಂದು ಹೇಗೆ ನಂಬುವುದೆಂದು ಡೆಸ್ಮಂಡ್ ಮೊದಮೊದಲು ಭೂತಗನ್ನಡಿ ಹಿಡಿದು ಕೇಳುತ್ತಿದ್ದರು. ಅಡೀನಾ ಕೊಟ್ಟ ಉತ್ತರವನ್ನು ಅವರು ಈಗ ಗಿರಾಕಿಗಳಿಗೂ ಹೇಳುತ್ತಾರೆ: "ನಕಲಿಗೆ ಹೆದರಿ ಯಾರಾದ್ರೂ ಮುಖಕ್ಕೆ ಅಂಟು ಬಳಿತಾರಾ?"

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ಅಡೀನಾ ಬಿಚ್ಚುವ ಗೋಡೆಗಳಿಗೆ ಬಾಯಿಯೂ ಇದೆ. ಯಾರ ಮನೆಯ ಗೋಡೆ ಏನು ಹೇಳಿತೆಂದು ಅವರು ಇನ್ನೊಂದು ಮನೆಯಲ್ಲಿ ಆಡಿದವರಲ್ಲ, ಅದಕ್ಕೇ ಜನ ಕರೆಯುತ್ತಾರೆ. ಅಲ್ಲದೆ ಇದುವರೆಗೆ ಬಿಚ್ಚಿದ ಗೋಡೆಗಳೆಲ್ಲ ಒಳ್ಳೆಯ ಮಾತನ್ನೇ ಆಡಿದ್ದವು. ಎಲ್ಲವೂ ಮುಖ ಒಳಗಿಟ್ಟಿದ್ದವು. ಒಂದರ ಮೂಲೆಯಲ್ಲೂ ಮುದ್ರೆ ಇರಲಿಲ್ಲ.

ಈ ವಸಂತದಲ್ಲಿ ಸಭೆ ಒಂದು ತೀರ್ಮಾನ ಮಾಡಿತು. ಯುದ್ಧ ಮುಗಿದು ಎಂಬತ್ತು ವರ್ಷ ತುಂಬುವ ಈ ವರ್ಷ, ಗೋರ್ಟ್ಸನ್ ಅಡುಗೆಕೋಣೆಯ ಗೋಡೆಯಿಂದ ಪೋಸ್ಟರನ್ನು ಬಿಡಿಸಿ ಸಭೆಯ ದೊಡ್ಡ ಕೋಣೆಯಲ್ಲಿ ತೂಗುಹಾಕಬೇಕು. ಆ ಮನೆಯೇ ಯಾಕೆಂದು ಬ್ಲೂಮೆನ್‌ಫೆಲ್ಡ್‌ನಲ್ಲಿ ಯಾರೂ ಕೇಳುವುದಿಲ್ಲ. ವಿಲರ್ಡ್ ಅವರ ಅಜ್ಜ ಕೊರ್ನೇಲಿಯಸ್ ಗೋರ್ಟ್ಸನ್ ಕಾರುಗಳಲ್ಲಿ ಬಂದ ಗುಂಪಿನೆದುರು ಬಾಗಿಲಲ್ಲಿ ನಿಂತು, ಸಾಲಪತ್ರಕ್ಕೆ ಸಹಿ ಹಾಕಲಾರೆ ಎಂದರು. ಬಂದವರು ಅವರ ತಲೆ, ಗಡ್ಡದ ಮೇಲೆಲ್ಲ ಹಳದಿ ಬಣ್ಣ ಸುರಿದರು. ಮುಂದಿನ ಭಾನುವಾರ ಕೊರ್ನೇಲಿಯಸ್ ಹಳದಿ ಗಡ್ಡದಲ್ಲೇ ಆರಾಧನೆಗೆ ಬಂದು ಮುಂದಿನ ಬೆಂಚಿನಲ್ಲಿ ಕುಳಿತರು. ಇದು ಕಟ್ಟುಕಥೆಯಲ್ಲ, ಊರೇ ನೋಡಿದ್ದು. ಪ್ರತಿ ವರ್ಷ ಸುಗ್ಗಿಯ ಆರಾಧನೆಯಲ್ಲಿ ವಿಲರ್ಡ್ ಎದ್ದು ನಿಂತು ಇದನ್ನು ಹೇಳುತ್ತಾರೆ. ಊರಿನ ಮಕ್ಕಳೆಲ್ಲ ಇದನ್ನು ಕೇಳಿಯೇ ದೊಡ್ಡವರಾದವರು.

ಅಡೀನಾ ಅದನ್ನು ಕೇಳಿದ್ದು ಹಿಂದಿನ ಬೆಂಚಿನಿಂದ. ಅವರ ತಾಯಿಯ ತಂದೆ ಹೈನ್ರಿಖ್ ಉನ್ರೂ ಸಾಲಪತ್ರ ಕೊಂಡವರು. ಕಾರಿನ ದೀಪ ಅಂಗಳಕ್ಕೆ ಬಿದ್ದ ಕೂಡಲೇ ಸಹಿ ಹಾಕಿದವರು. ಯುದ್ಧ ಮುಗಿದ ಮೇಲೆ ಸಭೆ ಅವರನ್ನು ಎಬ್ಬಿಸಿ ನಿಲ್ಲಿಸಿತು. ತಪ್ಪಾಯಿತೆಂದು ಎಲ್ಲರೆದುರು ಹೇಳಿಸಿತು. ಅಂದಿನಿಂದ ಉನ್ರೂಗಳು ಹಿಂದಿನ ಬೆಂಚಿನವರು. ಯಾರೂ ಅಲ್ಲಿ ಕೂರಿ ಎನ್ನಲಿಲ್ಲ, ಯಾರೂ ಮುಂದೆ ಬನ್ನಿ ಎಂದೂ ಅನ್ನಲಿಲ್ಲ. ಆಗ ಎಂಟು ವರ್ಷದವರಾಗಿದ್ದ ಅಡೀನಾರ ತಾಯಿ ಹೆಲೆನಾ ಸಾಯುವ ತನಕ, ಜಲ್ಲಿಕಲ್ಲಿನ ರಸ್ತೆಯಲ್ಲಿ ಕಾರಿನ ಸದ್ದಾದರೆ ದೀಪ ಆರಿಸುತ್ತಿದ್ದರು. ಬಂದವನು ಹಾಲಿನವನೇ ಇರಲಿ, ಅಳಿಯನೇ ಇರಲಿ. ಅಂದು ತಂದೆ ಎದ್ದು ನಿಂತಾಗ ಇಡೀ ಸಭೆ ಅವರನ್ನೇ ನೋಡುತ್ತಿತ್ತು, ಕೊರ್ನೇಲಿಯಸ್ ಗೋರ್ಟ್ಸನ್ ಮಾತ್ರ ತಲೆ ಎತ್ತಲಿಲ್ಲ ಎಂದು ಹೆಲೆನಾ ಹೇಳುತ್ತಿದ್ದರು. ಅದು ಅವರ ದೊಡ್ಡ ಮನಸ್ಸು ಎನ್ನುತ್ತಿದ್ದರು.

ಗೋಡೆ ತೇವ ಎಂದು ಸುಳ್ಳು ಹೇಳಿ ಮನೆಗೆ ಬಂದ ಆ ದಿನ ಅಡೀನಾ ಮಧ್ಯಾಹ್ನಕ್ಕೆ ಗಿಣ್ಣು ತುಂಬಿದ ಕಡುಬಿನಂಥ ವೆರೆನಿಕೆ ಬೇಯಿಸಿದರು. ತಿನ್ನಲಾಗಲಿಲ್ಲ. ಕೊರ್ನೇಲಿಯಸ್ ತಲೆ ಎತ್ತದೆ ಇದ್ದುದಕ್ಕೆ ಕಾರಣ ಈಗ ತಮ್ಮೊಬ್ಬರಿಗೇ ಗೊತ್ತು. ನೀಲಿ ಮುದ್ರೆ ಅವರ ಗೋಡೆಯಲ್ಲೂ ಇತ್ತು. ಗಂಟಲಲ್ಲಿ ಬಿಸಿತುಪ್ಪ; ನುಂಗುವಂತಿಲ್ಲ, ಉಗುಳುವಂತಿಲ್ಲ. ಹೇಳಿದರೆ, ಉನ್ರೂ ಮೊಮ್ಮಗಳು ಹಳೇ ಸೇಡು ತೀರಿಸಿಕೊಂಡಳು ಎನ್ನುತ್ತಾರೆ. ಇನ್ನು ಯಾವ ಮನೆಯ ಬಾಗಿಲೂ ಅವರಿಗೆ ತೆರೆಯುವುದಿಲ್ಲ. ಹೇಳದಿದ್ದರೆ ದಾರಿ ಸುಲಭ. ಮುಖ ಹೊರಗಿರುವ ಚಿತ್ರಕ್ಕೆ ಹಬೆ ಒಂದಿಷ್ಟು ಹೆಚ್ಚಾದರೆ ಸಾಕು, ಬಣ್ಣವೆಲ್ಲ ವಾಲ್‌ಪೇಪರಿನ ಬೆನ್ನಿಗೆ ಹತ್ತಿ ಹಿಟ್ಟಾಗಿ ಬರುತ್ತದೆ. ಮುದ್ರೆಯೂ ಉಳಿಯುವುದಿಲ್ಲ. ಗೋಡೆ ಹಾಳಾಗಿತ್ತು ಎಂದರೆ ಮುಗಿಯಿತು. ಊರಲ್ಲಿ ಯಾರಿಗೂ ತಿಳಿಯದು.

"ನಾನು ಸಭೆಗೆ ಹೆದರಲಿಲ್ಲ, ವಿಲರ್ಡ್‌ಗೂ ಹೆದರಲಿಲ್ಲ" ಎನ್ನುತ್ತಾರೆ ಅವರು. "ನನ್ನ ಕೈಗೇ ಹೆದರಿದೆ. ಹೇಗೆ ಹಾಳು ಮಾಡೋದು ಅಂತ ಅದಕ್ಕೆ ಚೆನ್ನಾಗಿ ಗೊತ್ತು. ನಾಳೆ ಅದು ಏನು ಮಾಡುತ್ತೋ ಅನ್ನೋದು ನನಗೇ ಗೊತ್ತಿರಲಿಲ್ಲ."

ಮರುದಿನ ಬೆಳಕು ಹರಿಯುವಾಗ ಅವರು ಹೋದರೆ, ವಿಲರ್ಡ್ ಅದೇ ಕುರ್ಚಿಯಲ್ಲಿದ್ದಾರೆ. ಇಂದು ಕೈಯಲ್ಲಿ ಕಾಫಿ ಇಲ್ಲ. ಅಡೀನಾ ಕೆಟಲಿಗೆ ನೀರು ತುಂಬುತ್ತಿದ್ದಾಗ ಅವರು ಮೆಲ್ಲಗೆ ಕೇಳುತ್ತಾರೆ.

"ಅಡೀನಾ, ಆ ಗೋಡೆ ಹಿಂದೆ ಏನಿದೆ ಗೊತ್ತಾ?"

ಗೊತ್ತಿಲ್ಲವೆಂದು ಅಡೀನಾ ತಲೆಯಾಡಿಸುತ್ತಾರೆ.

"ಒಲೆ ಹೊಗೆಗೂಡು. ನಮ್ಮಮ್ಮ ಚಳಿಗಾಲದಲ್ಲಿ ಒದ್ದೆ ಬಟ್ಟೆ ತಂದು ಅಲ್ಲೇ ನೇತುಹಾಕ್ತಿದ್ಲು. ಈ ಮನೇಲಿ ಅದರಷ್ಟು ಒಣಗಿದ ಗೋಡೆ ಇನ್ನೊಂದಿಲ್ಲ. ಸುಳ್ಳು ಹೇಳೋಕೆ ನಿನಗೆ ಅಭ್ಯಾಸ ಇಲ್ಲ ಕಣಮ್ಮ." ಅವರು ಗೋಡೆಯ ಕಡೆ ತಿರುಗುತ್ತಾರೆ. "ಅದು ಯಾವ ಕಡೆ ಮುಖ ಮಾಡಿದೆ?"

"ನಮ್ಮ ಕಡೆ."

"ಮುದ್ರೆ?"

"ಇದೆ."

ವಿಲರ್ಡ್ ಎದ್ದು ಬಾಗಿಲು ಹಾಕುತ್ತಾರೆ. ಸುತ್ತ ಒಂದು ಮೈಲಿ ಗೋಧಿ ಬಿಟ್ಟರೆ ಬೇರೇನೂ ಇಲ್ಲ. ಆದರೂ ಚಿಲಕ ಹಾಕುತ್ತಾರೆ. ಬಿಚ್ಚು ಎನ್ನುತ್ತಾರೆ.

ಹಬೆ ಕಡಿಮೆಯಾದರೆ ವಾಲ್‌ಪೇಪರ್ ಬಿಡುವುದಿಲ್ಲ, ಹೆಚ್ಚಾದರೆ ಚಿತ್ರ ಬರುತ್ತದೆ. ಅಡೀನಾ ಕೊಳವೆಯನ್ನು ಗೋಡೆಯಿಂದ ದೂರ ಹಿಡಿದು, ಮತ್ತೆ ಹತ್ತಿರ ತಂದು, ತೊಟ್ಟಿಲು ತೂಗಿದ ಹಾಗೆ ಆಡಿಸುತ್ತಾರೆ. ಇನ್ನೊಂದು ಕ್ಷಣ ಹಿಡಿ, ಇನ್ನೊಂದೇ ಕ್ಷಣ ಎಂದು ಕೈ ಹೇಳುತ್ತದೆ. ಬೆವರು ಕಣ್ಣಿಗಿಳಿಯುತ್ತದೆ. ಅಂಟು ಕರಗಿದ ಹುಳಿ ವಾಸನೆ ಕೋಣೆ ತುಂಬುತ್ತದೆ. ಕಂದು ಎಲೆಗಳ ಹಾಳೆ ಮೇಲಿನಿಂದ ನಿಧಾನ ಸುರುಳಿಯಾಗಿ ಇಳಿಯುತ್ತದೆ.

ಮೊದಲು ಹೊಗೆ ತುಂಬಿದ ಆಕಾಶ. ಆಮೇಲೆ ಹೆಲ್ಮೆಟ್ಟು. ಅದರಡಿ ದವಡೆ ಅಗಲವಾದ, ಮೂಗು ಕೆಂಪಾದ ಸೈನಿಕನ ಮುಖ, ಮುಂದೆ ಚಾಚಿದ ರಕ್ತದ ಕೈ. ಇವನು ನಿಮ್ಮ ಮನೆಗೆ ಬರುವ ಮುನ್ನ ಹಣ ಕೊಡಿ ಎಂದು ಕೆಳಗೆ ದಪ್ಪಕ್ಷರ. ಜರ್ಮನ್ ಮಾತಾಡುವ ಒಂದು ಕುಟುಂಬ, ತಮ್ಮದೇ ಭಾಷೆಯವನೊಬ್ಬನನ್ನು ರಾಕ್ಷಸ ಮಾಡಿ ಬರೆದ ಆ ಚಿತ್ರದ ಕೆಳಗೆ ಕೂತು ತಿಂಗಳುಗಟ್ಟಲೆ ಊಟ ಮಾಡಿತ್ತು. ಅಡೀನಾ ಇಂಥ ಮುಖಗಳನ್ನು ಎಷ್ಟೋ ಬಾರಿ ತೊಳೆದು ಎತ್ತಿದವರು. ಆದರೆ ಇದನ್ನು ಕಂಡು ಅವರ ಕೈ ನಿಲ್ಲುತ್ತದೆ. ಈ ಸೈನಿಕನಿಗೆ ಕಣ್ಣಿಲ್ಲ. ಎರಡೂ ಕಣ್ಣಿನ ಮೇಲೆ ಉಗುರಗಲದ ಕಂದು ಕಾಗದದ ಚೂರುಗಳನ್ನು ಅಂಟಿಸಲಾಗಿದೆ. ಅವರು ಚೂರಿನ ಅಂಚನ್ನು ಮುಟ್ಟಿ, ಬೆರಳು ಮೂಸಿ ನೋಡುತ್ತಾರೆ. ಅದೇ ರೈ ಹಿಟ್ಟಿನ ಅಂಟು. ಪೋಸ್ಟರ್ ಅಂಟಿಸಿದವರೇ ಕಣ್ಣನ್ನೂ ಮುಚ್ಚಿದ್ದಾರೆ.

ವಿಲರ್ಡ್ ಗೋಡೆಯ ಬಳಿ ಬಂದು ನಿಲ್ಲುತ್ತಾರೆ. ಅವರ ತಂದೆ ಜೇಕಬ್‌ಗೆ ಯುದ್ಧದ ಕಾಲದಲ್ಲಿ ಆರು ವರ್ಷ. ದೊಡ್ಡವರಾದ ಮೇಲೂ, ಮುದುಕರಾದ ಮೇಲೂ ಅವರು ಊಟಕ್ಕೆ ಕೂರುತ್ತಿದ್ದುದು ಈ ಗೋಡೆಗೆ ಬೆನ್ನು ಹಾಕಿ. ಹೊಗೆಗೂಡಿನ ಬಿಸಿ ಬೆನ್ನಿಗೆ ಹಿತವೆಂದು ಮನೆಮಂದಿ ತಿಳಿದಿದ್ದರು. ಬೇಸಿಗೆಯಲ್ಲೂ ಯಾಕೆ ಅಲ್ಲೇ ಕೂರುತ್ತಿದ್ದರೆಂದು ಯಾರೂ ಕೇಳಿರಲಿಲ್ಲ. ವಿಲರ್ಡ್ ಇದನ್ನು ಗೋಡೆಯ ಕಡೆ ನೋಡದೆ ಹೇಳುತ್ತಾರೆ.

ಚಿತ್ರ ಗೋಡೆ ಬಿಟ್ಟು ಹಲಗೆಯ ಮೇಲೆ ಮಲಗುವ ಹೊತ್ತಿಗೆ ಬಿಸಿಲು ಕೋಣೆಗೆ ಬಂದಿದೆ. ಒಂದು ಕಡೆಯೂ ಹರಿದಿಲ್ಲ. ವಿಲರ್ಡ್ ಕುರ್ಚಿಯಲ್ಲಿ ಕುಸಿದು ಕೂತಿದ್ದಾರೆ. ಪಿಸುದನಿಯಲ್ಲಿ ಕೇಳುತ್ತಾರೆ.

"ಇದನ್ನ ತಿರುಗಿಸಿ ಅಂಟಿಸೋಕಾಗುತ್ತಾ? ಮುಖ ಒಳಗೆ ಮಾಡಿ. ಮೇಲೆ ಅದೇ ಹಳೇ ಹಾಳೆ ಹಾಕು. ಮುಂದಿನ ವಾರ ಸಭೆಯೋರನ್ನ ಕರೀತೀನಿ. ಅವರ ಎದುರಿಗೇ ಬಿಚ್ಚು."

ಆಗುತ್ತದೆ. ರೈ ಹಿಟ್ಟು ಕಾಯಿಸಿ ಅಂಟು ಮಾಡಲು ಅಡೀನಾಗೆ ಬರುತ್ತದೆ, ಹಳೆಯ ಹಾಳೆ ಕೂರಿಸಲು ಬರುತ್ತದೆ. ಡೆಸ್ಮಂಡ್ ಭೂತಗನ್ನಡಿ ಇಟ್ಟು ನೋಡಿದರೂ ಗೊತ್ತಾಗದ ಹಾಗೆ ಮಾಡಬಲ್ಲರು. ಮಾಡಿದರೆ ಗೋರ್ಟ್ಸನ್ ಹೆಸರು ಉಳಿಯುತ್ತದೆ, ತಮ್ಮ ಕೆಲಸ ಉಳಿಯುತ್ತದೆ, ಸುಗ್ಗಿಯ ಆರಾಧನೆಯ ಕಥೆಯೂ ಉಳಿಯುತ್ತದೆ. ಸಭೆಯ ಹಿರಿಯನಿಗೆ ಉನ್ರೂಗಳು ಎಂದೂ ಎದುರಾಡಿದವರಲ್ಲ.

"ವಿಲರ್ಡ್, ನಾನು ಬಿಡಿಸೋಳು. ಇಂಥದ್ದನ್ನ ಒಂದನ್ನೂ ಗೋಡೆಗೆ ಅಂಟಿಸಿದೋಳಲ್ಲ. ಅಂಟಿಸೋದೂ ಇಲ್ಲ."

ವಿಲರ್ಡ್ ಎದ್ದು ಚಿಲಕ ತೆಗೆದು, ಹೊಲದ ಕಡೆ ಹೋಗುತ್ತಾರೆ. ಅಡೀನಾ ಚಿತ್ರವನ್ನು ಎರಡು ಹಲಗೆಗಳ ನಡುವೆ ಕಟ್ಟಿ ತಮ್ಮ ಮನೆಗೆ ತರುತ್ತಾರೆ.

ಆಮೇಲಿನ ವಾರಗಳು ಕಷ್ಟದವು. ವಸಂತದಲ್ಲಿ ಬಿಡುವಿಲ್ಲದೆ ಬಡಿದುಕೊಳ್ಳುವ ಫೋನು ಸುಮ್ಮನಾಯಿತು. ಊರಿಗೆ ಏನೋ ವಾಸನೆ ಹತ್ತಿತ್ತು, ಏನೆಂದು ಗೊತ್ತಿರಲಿಲ್ಲ. ಗೋಡೆಯಲ್ಲಿ ಏನು ಸಿಕ್ಕಿತೆಂದು ಅಂಗಡಿಯಲ್ಲಿ ಇಬ್ಬರು ಕೇಳಿದರು, ಗೋರ್ಟ್ಸನ್ ಹೇಳುತ್ತಾರೆ ಎಂದು ಅಡೀನಾ ಜಾರಿಕೊಂಡರು. ಡೆಸ್ಮಂಡ್ ಬಂದವರು ಚಿತ್ರ ಕಂಡು ಮೈಮರೆತರು. ಕಣ್ಣಿನ ಚೂರುಗಳನ್ನು ತೆಗೆದುಬಿಡಿ, ಅದೊಂದೇ ಕಳಂಕ ಎಂದರು. ಅಡೀನಾ ಆ ದಿನ ಅವರಿಗೆ ಕಾಫಿಯನ್ನೂ ಕೊಡದೆ ಕಳಿಸಿದರು. ಸಂಜೆ ಜಲ್ಲಿ ರಸ್ತೆಯಲ್ಲಿ ಕಾರಿನ ಸದ್ದಾದರೆ ತಮ್ಮ ಕೈ ದೀಪದ ಗುಂಡಿಗೆ ಹೋಗುವುದನ್ನು ಅವರು ಗಮನಿಸಿದ್ದಾರೆ. ತಾಯಿಯ ರೋಗ ತಮಗೂ ಹತ್ತಿತಲ್ಲ ಎಂದು ಅಳು ಬಂತಂತೆ.

ಒಂದು ಶನಿವಾರ ನಿಜವಾಗಿಯೂ ಕಾರು ಅಂಗಳಕ್ಕೇ ಬಂತು. ವಿಲರ್ಡ್ ಇಳಿದರು. ಚಿತ್ರ ಕೊಡು ಎಂದರು, ಹಿಂದಿನ ಸೀಟಿನ ಮೇಲೆ ಕಂಬಳಿ ಹಾಸಿ ಮಲಗಿಸಿಕೊಂಡರು, ಬೇರೆ ಮಾತಿಲ್ಲದೆ ಹೋದರು. ಸುಡಲು ಒಯ್ದರೋ ಏನೋ ಎಂದು ಅಡೀನಾ ಆ ದಿನವೆಲ್ಲ ಗೋರ್ಟ್ಸನ್ ಮನೆಯ ದಿಕ್ಕಿನಲ್ಲಿ ಹೊಗೆ ಕಾಣುತ್ತದೆಯೇ ಎಂದು ನೋಡುತ್ತಿದ್ದರು.

ಭಾನುವಾರ ಚಿತ್ರ ಸಭೆಯ ದೊಡ್ಡ ಕೋಣೆಯ ಗೋಡೆಯಲ್ಲಿತ್ತು, ಮುಖ ಹೊರಗೆ. ವಿಲರ್ಡ್ ಅದರ ಕೆಳಗೆ ನಿಂತು, ಸುಗ್ಗಿಗೆ ಇನ್ನೂ ತಿಂಗಳುಗಳಿರುವಾಗಲೇ ಅಜ್ಜನ ಕಥೆ ಶುರು ಮಾಡಿದರು. ಕಾರುಗಳು, ಬಾಗಿಲು, ಹಳದಿ ಗಡ್ಡ. ಅಲ್ಲಿಗೆ ಬಂದು ನಿಲ್ಲಿಸಿದರು.

"ಇಷ್ಟು ದಿನ ನಾನು ಇಲ್ಲಿಗೆ ಮುಗಿಸ್ತಿದ್ದೆ. ಆದ್ರೆ ಅವರು ಇನ್ನೊಂದು ಸಲ ಬಂದ್ರು ಅನ್ಸುತ್ತೆ. ಆವಾಗ ಅಜ್ಜ ಸಹಿ ಹಾಕಿದ್ರು. ಮುದ್ರೆ ಇಲ್ಲೇ ಇದೆ, ಬಂದು ನೋಡಿ."

ಇಬ್ಬರು ಎದ್ದು ಹೊರಗೆ ಹೋದರು. ಉಳಿದವರು ಅಲುಗಾಡಲಿಲ್ಲ. ಸೆಲ್ಮಾ ರಾಟ್ಸ್‌ಲಾಫ್ ಎಂಬ ಹಿರಿಯ ಹೆಂಗಸು, ಅವನ ಕಣ್ಣಿಗೆ ಏನಾಗಿದೆ ಎಂದು ಕೇಳಿದರು.

"ನಮ್ಮಪ್ಪ ಚಿಕ್ಕೋರು. ಊಟಕ್ಕೆ ಕೂತಾಗ ಅದು ನೋಡುತ್ತೆ ಅಂತ ಹೆದರಿದ್ದಿರಬೇಕು. ಅದಕ್ಕೇ ಮುಚ್ಚಿದ್ದಾರೆ. ಮುಚ್ಚಿದೋರಿಗೂ ಅಷ್ಟೇ ಹೆದರಿಕೆ ಇತ್ತು." ಆಮೇಲೆ ವಿಲರ್ಡ್ ಹಿಂದಿನ ಬೆಂಚಿನ ಕಡೆ ನೋಡಿದರು. "ಈ ಕೋಣೇಲಿ ಹೈನ್ರಿಖ್ ಉನ್ರೂ ಒಬ್ಬರೇ ಎದ್ದು ನಿಂತ್ರು. ನಮ್ಮಜ್ಜ ಅವರ ಪಕ್ಕ ಬಂದು ನಿಲ್ಬೇಕಿತ್ತು. ನಿಲ್ಲಲಿಲ್ಲ. ಅವರ ಬದಲು ನಾನು ನಿಂತಿದೀನಿ."

ಇಡೀ ಕೋಣೆ ತಿರುಗಿ ತಮ್ಮನ್ನು ನೋಡಿದಾಗ ಅಡೀನಾಗೆ ಗೆದ್ದ ಸಂತೋಷವೇನೂ ಆಗಲಿಲ್ಲ. ಬಾಗಿಲು ಎಷ್ಟು ದೂರವಿದೆ ಎಂದು ಕಣ್ಣು ಅಳೆಯಿತು. ಎಷ್ಟೋ ಹೊತ್ತಿನ ಮೇಲೆ, ಅಮ್ಮ ಇದನ್ನು ಕೇಳಬೇಕಿತ್ತು ಎನಿಸಿತು.

ಈಗ ಫೋನು ಮತ್ತೆ ಬಡಿದುಕೊಳ್ಳುತ್ತಿದೆ. ನಮ್ಮ ಗೋಡೆಯಲ್ಲಿ ಏನೂ ಇಲ್ಲ ಎಂದು ವರ್ಷಗಳಿಂದ ಹೇಳುತ್ತಿದ್ದ ಮನೆಗಳವರೇ ಕರೆಯುತ್ತಿದ್ದಾರೆ. ನಮ್ಮಜ್ಜ ಏನು ಮಾಡಿದರೋ ನೋಡಿಬಿಡೋಣ ಎ‌ನ್ನುತ್ತಾರೆ. ಆದರೆ ಎಲ್ಲರೂ ಕೊನೆಗೆ ದನಿ ತಗ್ಗಿಸಿ ಒಂದೇ ಮಾತು ಸೇರಿಸುತ್ತಾರೆ: ಬೆಳಗಾಗುವ ಮೊದಲೇ ಬಾ, ವ್ಯಾನನ್ನು ಕೊಟ್ಟಿಗೆಯ ಹಿಂದೆ ನಿಲ್ಲಿಸು. ಅಡೀನಾ ಹಾಗೇ ಮಾಡುತ್ತಾರೆ. ನಾಳೆಯೂ ಒಂದು ಮನೆಯಿದೆ. ಮೇಜಿನ ಮೇಲೆ ಹರಡಿದ ಮಲ್ ಬಟ್ಟೆಯನ್ನು ಮಡಚುತ್ತಿರುವ ಅವರನ್ನು ನಿಮಗಾಗಿ ಏನು ಬೇಕೆಂದು ಕೇಳಿದರೆ, ಯೋಚಿಸಿ ಹೇಳುತ್ತಾರೆ.

"ಯಾರಾದ್ರೂ ಒಬ್ಬರು, ಹತ್ತು ಗಂಟೆಗೆ ಬಾ, ವ್ಯಾನ್ ಬಾಗಿಲ ಮುಂದೇನೇ ನಿಲ್ಸು ಅನ್ಲಿ. ಒಂದೇ ಒಂದು ದಿನ ಕಿಟಕಿ ತೆಗೆದಿಟ್ಕೊಂಡು ಕೆಲಸ ಮಾಡ್ಬೇಕು ಅಂತ ಆಸೆ."